ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೆಯ ಬೋಲ್ಟ್ ರೈಫಲ್ ಕೊಳ್ಳುವ ಮುನ್ನ

ಈ ಸಲದ ಪತ್ರಗಳೆಲ್ಲ ಪುಣೆ, ಮುಂಬಯಿ, ಗೋವೆಯ ಓದುಗರವು. ಕೇಳಿದ್ದು ಬೇರೆ ಬೇರೆಯಾದರೂ ವಿಷಯ ಒಂದೇ: ಸೆಕೆಂಡ್ ಹ್ಯಾಂಡ್ ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ಮುಚ್ಚುವಂಥದ್ದು) ಕೊಂಡು ಅದನ್ನು ತಮಗೆ ಬೇಕಾದ ಹಾಗೆ ಕಟ್ಟಿಸಿಕೊಳ್ಳುವುದು. ನಮ್ಮ ದೇಶದಲ್ಲಿ ಈ ಕಟ್ಟಿಸುವ ಕೆಲಸಕ್ಕೆ ಒಂದು ಗಡಿಯಿದೆ. ಸ್ಟಾಕ್ (ರೈಫಲ್ ಹಿಡಿದು ಭುಜಕ್ಕೊರಗಿಸುವ ಮರದ ಅಥವಾ ಲೋಹದ ಮೈ), ಬೆಡ್ಡಿಂಗ್ (ಲೋಹದ ಭಾಗ ಸ್ಟಾಕ್‌ನಲ್ಲಿ ಅಲುಗದಂತೆ ಕೂರಿಸುವುದು), ಟ್ರಿಗರ್ ಹೊಂದಾಣಿಕೆ, ಸೈಟ್ ಇಷ್ಟರಲ್ಲಿ ಬೇಕಾದಷ್ಟು ಮಾಡಿಸಬಹುದು. ಬ್ಯಾರಲ್, ಚೇಂಬರ್ (ಕಾಡತೂಸು ಕೂರುವ ಗೂಡು), ಕ್ಯಾಲಿಬರ್ ಮುಟ್ಟುವ ಮಾತು ಬಂದ ಕೂಡಲೇ ಲೈಸನ್ಸ್ ಇರುವ ಗನ್‌ಸ್ಮಿತ್ ಮತ್ತು ಲೈಸನ್ಸ್ ಕೊಡುವ ಅಧಿಕಾರಿ ಇಬ್ಬರೂ ನಡುವೆ ಬರುತ್ತಾರೆ. ಆದ್ದರಿಂದ ಕೊಳ್ಳುವಾಗ ಬದಲಾಯಿಸಲು ಆಗದ ಭಾಗಗಳನ್ನೇ ಹೆಚ್ಚು ನೋಡಿ.

ಪ್ರಶ್ನೆ: ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದಾಗಿನಿಂದ ನನ್ನ ಮಗನಿಗೆ 50 ಮೀಟರ್ 3 ಪೊಸಿಷನ್ (ಮೂರು ಭಂಗಿಯ ರೈಫಲ್ ಸ್ಪರ್ಧೆ) ಬಿಟ್ಟರೆ ಬೇರೆ ಮಾತಿಲ್ಲ. ಪುಣೆಯ ಬಾಲೇವಾಡಿ ಕ್ರೀಡಾ ಸಂಕೀರ್ಣದಲ್ಲಿ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದವನಿಗೆ ಈಗ ಸ್ಪೋರ್ಟ್ಸ್ ಲೈಸನ್ಸ್ ಸಿಕ್ಕಿದೆ. ಹಿರಿಯ ಶೂಟರ್ ಒಬ್ಬರು ಇಪ್ಪತ್ತು ವರ್ಷ ಹಳೆಯ ಜರ್ಮನ್ .22 ಮ್ಯಾಚ್ ರೈಫಲ್ ಮಾರುತ್ತಿದ್ದಾರೆ. ಸ್ಟಾಕ್ ತುಂಬ ಗೀರು, ಬ್ಲೂಯಿಂಗ್ (ತುಕ್ಕು ತಡೆಯಲು ಉಕ್ಕಿಗೆ ಕೊಡುವ ಕಡುನೀಲಿ ಬಣ್ಣ) ಮಾಸಿದೆ. ಅದನ್ನೇ ಕೊಂಡು ಅಲ್ಯೂಮಿನಿಯಂ ಸ್ಟಾಕ್ ಹಾಕಿಸೋಣ ಅನ್ನುತ್ತಾನೆ. ನಾವು ಏನೇನು ನೋಡಬೇಕು? (ಚಿಂಚ್‌ವಡದ ಓದುಗರು)

ಉತ್ತರ: ಗೀರು ಬಿದ್ದ ಸ್ಟಾಕ್, ಮಾಸಿದ ಬ್ಲೂಯಿಂಗ್ ನಿಮ್ಮ ಪಾಲಿಗೆ ಒಳ್ಳೆಯದೇ. ಬೆಲೆ ಇಳಿಯುತ್ತದೆ, ಮತ್ತು ಆ ಎರಡನ್ನೂ ನೀವು ಹೇಗಿದ್ದರೂ ಬದಲಾಯಿಸುವವರು. ನೋಡಬೇಕಾದದ್ದು ಬ್ಯಾರಲ್, ಚೇಂಬರ್, ಬೋಲ್ಟ್.

ಮೊದಲು ಮ್ಯಾಗಝಿನ್ ಇದ್ದರೆ ತೆಗೆಯಿರಿ, ಬೋಲ್ಟ್ ಹೊರಗೆಳೆಯಿರಿ, ಚೇಂಬರ್ ಖಾಲಿ ಇದೆಯೆಂದು ಕಣ್ಣಲ್ಲೂ ಕಿರುಬೆರಳಲ್ಲೂ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬ್ಯಾರಲ್ ಸ್ವಚ್ಛ ಮಾಡಿಸಿ. ಇದನ್ನು ಬಿಡಬೇಡಿ. ಎಣ್ಣೆ ಬಳಿದಿಟ್ಟ ಬ್ಯಾರಲ್ ಯಾವುದಾದರೂ ಕನ್ನಡಿಯಂತೆ ಹೊಳೆಯುತ್ತದೆ, ತುಕ್ಕಿನ ಗುಳಿಗಳನ್ನು ಎಣ್ಣೆಯೇ ತುಂಬಿಕೊಂಡಿರುತ್ತದೆ. ಸಾಲ್ವೆಂಟ್‌ನಲ್ಲಿ ಅದ್ದಿದ ಎರಡು ಬಟ್ಟೆ ತುಂಡು, ಹತ್ತು ನಿಮಿಷ ಬಿಟ್ಟು ಒಣ ಬಟ್ಟೆ ನಾಲ್ಕೈದು, ಎಲ್ಲವೂ ಬ್ರೀಚ್ (ಬೋಲ್ಟ್ ಇರುವ ಹಿಂಬದಿ) ಕಡೆಯಿಂದಲೇ. ಮಾರುವವರು ಬ್ಯಾರಲ್‌ನ ಬಾಯಿ ಕಡೆಯಿಂದ ರಾಡ್ ತೂರಿಸಿದರೆ ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. .22 ರೈಫಲ್ ಗುಂಡು ಹಾರಿಸಿ ಸವೆಯುವುದು ಬಹಳ ನಿಧಾನ. ಅದರ ಗುಂಡು ಮೆತ್ತನೆಯ ಸೀಸ, ಒತ್ತಡವೂ ಕಡಿಮೆ. ಈ ಬ್ಯಾರಲ್‌ಗಳು ಹೆಚ್ಚಾಗಿ ಕೆಡುವುದು ಒರಟು ರಾಡ್‌ನಿಂದ ಮತ್ತು ತೇವದಿಂದ.

ಬಾಯಿಯ ಅಂಚನ್ನು, ಅಂದರೆ ಕ್ರೌನ್ ಅನ್ನು, ಹತ್ತು ಪಟ್ಟು ದೊಡ್ಡದು ಮಾಡುವ ಗಡಿಯಾರದವರ ಭೂತಗನ್ನಡಿಯಲ್ಲಿ ನೋಡಿ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒಳಗಿಂದ ಹೊರಕ್ಕೆ, ಅಂಚಿನ ಸುತ್ತ ಮೆಲ್ಲಗೆ ಎಳೆಯಿರಿ. ಎಲ್ಲಿ ಮುಳ್ಳು ಎದ್ದಿದೆಯೋ ಅಲ್ಲಿ ಹತ್ತಿಯ ಎಳೆ ಸಿಕ್ಕಿ ನಿಲ್ಲುತ್ತದೆ. ಒಂದೇ ಕಡೆ ಎಳೆ ಸಿಕ್ಕಿದರೆ ಗುಂಡು ಹೊರಬೀಳುವ ಗಳಿಗೆಯಲ್ಲಿ ಅನಿಲ ಒಂದು ಪಕ್ಕದಿಂದ ಮೊದಲು ನುಗ್ಗುತ್ತದೆ, ಗುಂಡು ಓಲಾಡುತ್ತದೆ. ಹಾಗೆಂದು ಹೆದರಬೇಕಾಗಿಲ್ಲ. ಕ್ರೌನ್ ಸರಿಪಡಿಸುವುದು ಲೇತ್ ಮೇಲಿನ ಸಣ್ಣ ಕೆಲಸ. ಆದರೆ ಅದು ಗನ್‌ಸ್ಮಿತ್ ಕೈಯಲ್ಲಿ ಕಾಗದಪತ್ರದೊಂದಿಗೆ ಆಗಬೇಕಾದ ಕೆಲಸ, ಆದ್ದರಿಂದ ಬೆಲೆಯಲ್ಲಿ ಕಳೆಯಿರಿ.

ಮುಂದೆ, ಬಿಗಿಯಾದ ಬಟ್ಟೆ ತುಂಡೊಂದನ್ನು ರಾಡ್‌ನಲ್ಲಿ ನಿಧಾನವಾಗಿ ಉದ್ದಕ್ಕೂ ತಳ್ಳಿ. ಕೈಗೆ ಸಿಗುವ ಪ್ರತಿರೋಧ ಒಂದೇ ಸಮ ಇರಬೇಕು, ಬಾಯಿಯ ಹತ್ತಿರ ಸ್ವಲ್ಪ ಬಿಗಿಯಾದರೆ ಇನ್ನೂ ಒಳ್ಳೆಯದು. ನಡುವೆ ಎಲ್ಲಾದರೂ ತಟಕ್ಕನೆ ಸಡಿಲವಾಗಿ ಮತ್ತೆ ಬಿಗಿಯಾದರೆ ಅಲ್ಲಿ ಬ್ಯಾರಲ್ ಉಬ್ಬಿದೆ. ಒಳಗೆ ಸಿಕ್ಕಿಕೊಂಡ ಗುಂಡಿನ ಹಿಂದೆ ಇನ್ನೊಂದು ಹಾರಿಸಿದಾಗ ಆಗುವುದು ಇದು. ಹೊರಗಿನಿಂದ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ತಿರುಗಿಸಿದರೆ ಬೆಳಕಿನ ಗೆರೆ ಆ ಜಾಗದಲ್ಲಿ ಸೊಟ್ಟಗಾಗುತ್ತದೆ, ಒಳಗೆ ಕಪ್ಪು ಉಂಗುರ ಕಾಣುತ್ತದೆ. ಉಬ್ಬಿದ ಬ್ಯಾರಲ್ ಇದ್ದರೆ ವಾಪಸ್ ಬನ್ನಿ, ಬೆಲೆ ಎಷ್ಟೇ ಇಳಿಯಲಿ.

ಚೇಂಬರ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ರಿಮ್‌ಫೈರ್ ರೈಫಲ್‌ನಲ್ಲಿ ರೋಗ ಅಡಗುವುದು ಅಲ್ಲೇ. ಇದರಲ್ಲಿ ಕಾಡತೂಸಿನ ರಿಮ್ ಅನ್ನು (ಹಿಂತುದಿಯ ಅಂಚನ್ನು) ಪಿನ್ ಬಡಿಯಬೇಕು. ಚೇಂಬರ್ ಖಾಲಿ ಇದ್ದಾಗ ಟ್ರಿಗರ್ ಎಳೆದು ಎಳೆದು ಅಭ್ಯಾಸ ಮಾಡಿದ ಹಳೆಯ ರೈಫಲ್‌ಗಳಲ್ಲಿ ಪಿನ್ ನೇರವಾಗಿ ಚೇಂಬರ್ ಅಂಚಿಗೆ ಬಡಿದು ಅಲ್ಲೊಂದು ಗುಳಿ ಬೀಳುತ್ತದೆ. ಗುಳಿಯ ಲೋಹ ಎಲ್ಲಿಗೆ ಹೋಗಬೇಕು? ಚೇಂಬರ್ ಒಳಕ್ಕೆ ಚೂರು ಮುಳ್ಳಾಗಿ ಚಾಚಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಹಲ್ಲುಕಡ್ಡಿಯ ತುದಿಯನ್ನು ಚೇಂಬರ್ ಒಳಗಿಟ್ಟು ಹೊರಕ್ಕೆ ಎಳೆಯಿರಿ. ಪಿನ್ ಬಡಿಯುವ ಜಾಗದಲ್ಲಿ ಟಕ್ ಎಂದು ಸಿಕ್ಕಿದರೆ ಅದೇ. ಹಾರಿಸಿದ ಕಾಡತೂಸಿನ ಖಾಲಿ ಕೋಶ ನೋಡಿದರೂ ಗೊತ್ತಾಗುತ್ತದೆ: ರಿಮ್‌ನಿಂದ ಮುಂದಕ್ಕೆ ಉದ್ದನೆಯ ಒಂದು ಗೀರು ಪ್ರತಿ ಕೋಶದ ಮೇಲೂ ಒಂದೇ ಜಾಗದಲ್ಲಿರುತ್ತದೆ, ಬೋಲ್ಟ್ ಎತ್ತುವಾಗ ಕೋಶ ಅಂಟಿಕೊಂಡಂತೆ ಬರುತ್ತದೆ. ಮುಳ್ಳು ಸಣ್ಣದಿದ್ದರೆ ಗನ್‌ಸ್ಮಿತ್ ಅದಕ್ಕೆಂದೇ ಇರುವ, ತುದಿ ಸಣ್ಣದಾಗುತ್ತ ಹೋಗುವ ಚೇಂಬರ್ ಐರನ್ ಎಂಬ ಸಲಕರಣೆಯಿಂದ ಲೋಹವನ್ನು ಮರಳಿ ಗುಳಿಗೆ ಒತ್ತುತ್ತಾರೆ. ಲೋಹ ಕೆರೆಯಬಾರದು, ಒತ್ತಬೇಕು. ಅರದಿಂದ ಉಜ್ಜಿದ ಚೇಂಬರ್ ಕಂಡರೆ ಕೊಳ್ಳಬೇಡಿ.

ಚೇಂಬರ್ ಮುಗಿದು ರೈಫ್ಲಿಂಗ್ (ಬ್ಯಾರಲ್ ಒಳಗಿನ ಸುರುಳಿ ಗೀರುಗಳು) ಶುರುವಾಗುವಲ್ಲಿ ಗಟ್ಟಿ ಮಸಿಯ ಉಂಗುರವೊಂದು ಕೂತಿರುತ್ತದೆ. ಹಳೆಯ ಮ್ಯಾಚ್ ರೈಫಲ್‌ಗಳಲ್ಲಿ ಇದು ಸಾಮಾನ್ಯ, ಕಂಚಿನ ಬ್ರಶ್ ಮತ್ತು ಸಾಲ್ವೆಂಟ್‌ನಿಂದ ಹೋಗುತ್ತದೆ. ಎಷ್ಟೋ ಜನ "ಬ್ಯಾರಲ್ ಹೋಗಿದೆ" ಎಂದು ಅಗ್ಗಕ್ಕೆ ಮಾರುವ ರೈಫಲ್‌ಗಳ ಕಾಯಿಲೆ ಈ ಉಂಗುರ ಮಾತ್ರ. 5 ಮಿ.ಮೀ.ಗಿಂತ ಸಣ್ಣ ತಲೆಯ ಬೋರ್‌ಸ್ಕೋಪ್ (ಬ್ಯಾರಲ್ ಒಳಗೆ ನೋಡುವ ಸಲಕರಣೆ) ಸಿಕ್ಕರೆ ಒಂದು ಸಲ ಒಳಗೆ ಇಣುಕಿ ನೋಡಿ. ಉಂಗುರ ಯಾವುದು, ತುಕ್ಕಿನ ಗುಳಿ ಯಾವುದು ಎಂದು ಖಚಿತವಾಗುತ್ತದೆ.

ಹೆಡ್‌ಸ್ಪೇಸ್ ಅನ್ನು, ಅಂದರೆ ಮುಚ್ಚಿದ ಬೋಲ್ಟಿನ ಮುಖಕ್ಕೂ ಕಾಡತೂಸಿನ ರಿಮ್ ಒರಗುವ ಅಂಚಿಗೂ ನಡುವಿನ ಜಾಗವನ್ನು, ಗೇಜ್ ಇಟ್ಟೇ ಅಳೆಯಬೇಕು. .22 ಲಾಂಗ್ ರೈಫಲ್‌ಗೆ ಗೋ ಗೇಜ್ 0.043 ಇಂಚು, ನೋ-ಗೋ 0.046 ಇಂಚು. ಗೋ ಮೇಲೆ ಬೋಲ್ಟ್ ಬೆರಳಿನ ಬಲದಲ್ಲೇ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ನೋ-ಗೋ ಮೇಲೂ ಮುಚ್ಚಿದರೆ ಪಿನ್ ಏಟು ಕೆಲವೊಮ್ಮೆ ಬಲವಾಗಿ ಕೆಲವೊಮ್ಮೆ ಮೆಲ್ಲಗೆ ಬೀಳುತ್ತದೆ, ಗುಂಡಿನ ವೇಗ ಏರುಪೇರಾಗಿ ಗುರಿಯಲ್ಲಿ ಹೊಡೆತಗಳು ಮೇಲೆ ಕೆಳಗೆ ಚದುರುತ್ತವೆ.

ಸ್ಕ್ರೂ ತಲೆಗಳನ್ನೂ ನೋಡಿ. ಅಂಚು ತಿಂದುಹೋದ ಸ್ಕ್ರೂ ಇದ್ದರೆ ಅಳತೆಯಲ್ಲದ ಸ್ಕ್ರೂಡ್ರೈವರ್ ಹಿಡಿದ ಕೈ ಒಳಗೂ ಹೋಗಿದೆ ಎಂದು ತಿಳಿಯಿರಿ.

ಕೊನೆಗೆ ಹಾರಿಸಿ ನೋಡುವುದು. ಮಾರುವವರು ಎದುರಿಗಿದ್ದು, ರೇಂಜ್ ಆಫೀಸರ್ ಒಪ್ಪಿಗೆಯಿಂದ, 50 ಮೀಟರ್‌ನಲ್ಲಿ, ಮೇಜಿನ ಆಸರೆಯಲ್ಲಿ. ಸ್ವಚ್ಛ ಮಾಡಿದ ಬ್ಯಾರಲ್ ನೆಲೆಗೊಳ್ಳಲು ಮೊದಲ 10-15 ಗುಂಡು ಬೇಕು, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ನಾಲ್ಕು ಬಗೆಯ ಮ್ಯಾಚ್ ಕಾಡತೂಸು, ಪ್ರತಿಯೊಂದರಲ್ಲಿ 10 ಗುಂಡಿನ ಒಂದು ಗ್ರೂಪ್ (ಒಂದೇ ಗುರಿಗೆ ಹಾರಿಸಿದ ರಂಧ್ರಗಳ ಗುಂಪು). ಐದು ಗುಂಡಿನ ಗ್ರೂಪ್ ನಂಬಬೇಡಿ, ಅದರಲ್ಲಿ ಅದೃಷ್ಟದ ಪಾಲು ಜಾಸ್ತಿ. ಎಷ್ಟು ಸಣ್ಣದಿರಬೇಕು ಎಂಬುದಕ್ಕೆ ಗುರಿಯೇ ಲೆಕ್ಕ ಕೊಡುತ್ತದೆ. 50 ಮೀಟರ್ ರೈಫಲ್ ಗುರಿಯ ಹತ್ತರ ವೃತ್ತ 10.4 ಮಿ.ಮೀ., ಗುಂಡು 5.6 ಮಿ.ಮೀ. ವೃತ್ತಕ್ಕೆ ತಾಗಿದರೂ ಹತ್ತು. ಅಂದರೆ ರಂಧ್ರಗಳ ನಡುಬಿಂದುವಿಂದ ನಡುಬಿಂದುವಿಗೆ ಅಳೆದರೆ 16 ಮಿ.ಮೀ. ಒಳಗಿನ ಗ್ರೂಪ್ ಹತ್ತರಲ್ಲಿ ಹಿಡಿಸುತ್ತದೆ. ಹಾರಿಸುವವನ ತಪ್ಪಿಗೂ ಜಾಗ ಬೇಕಲ್ಲ, ಆದ್ದರಿಂದ ಒಂದು ಬಗೆಯ ಕಾಡತೂಸಿನಲ್ಲಾದರೂ ಇದಕ್ಕಿಂತ ಸ್ಪಷ್ಟವಾಗಿ ಚಿಕ್ಕ ಗ್ರೂಪ್ ಬಂದರೆ ಆ ಬ್ಯಾರಲ್ ಅಲ್ಯೂಮಿನಿಯಂ ಸ್ಟಾಕ್‌ಗೆ ಯೋಗ್ಯ. ನಾಲ್ಕರಲ್ಲೂ 20 ಮಿ.ಮೀ. ದಾಟಿದರೆ ಹೊಸ ಸ್ಟಾಕ್ ಅದನ್ನು ಉದ್ಧಾರ ಮಾಡಲಾರದು.

ಸ್ಟಾಕ್ ಆರಿಸುವಾಗ ತೂಕ ಮರೆಯಬೇಡಿ. ಪುರುಷರ 50 ಮೀಟರ್ ರೈಫಲ್‌ಗೆ 8 ಕೆ.ಜಿ. ಮೇರೆ. ಸೈಟ್, ಹ್ಯಾಂಡ್‌ಸ್ಟಾಪ್ (ಮುಂಗೈ ಜಾರದಂತೆ ತಡೆಯುವ ತುಂಡು), ಬಟ್‌ಪ್ಲೇಟಿನ (ಭುಜಕ್ಕೊರಗುವ ತಟ್ಟೆಯ) ಕೊಕ್ಕೆ ಎಲ್ಲ ಸೇರಿಸಿ ತೂಗಿಸಿ. ಮಂಡಿಯೂರಿ, ಮಲಗಿ, ನಿಂತು ಮೂರು ಭಂಗಿಯಲ್ಲೂ ಬಟ್‌ಪ್ಲೇಟ್ ಮತ್ತು ಕೆನ್ನೆಪಟ್ಟಿ ಬದಲಾಗುವುದರಿಂದ ಅಳತೆ ಗುರುತು ಕೆತ್ತಿರುವ ಸ್ಟಾಕ್ ತೆಗೆದುಕೊಳ್ಳಿ. ಮಗ ಪ್ರತಿ ಭಂಗಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ.

ಪ್ರಶ್ನೆ: ವಾಕಡ್‌ನಲ್ಲಿದ್ದೇವೆ. ನಮ್ಮ ಕೊಡವ ಸ್ನೇಹಿತರು ತಮ್ಮ ಐನ್‌ಮನೆಯಲ್ಲಿರುವ ಬ್ರನೋ (ಚೆಕ್ ದೇಶದ ತಯಾರಿಕೆ) .22 ರೈಫಲ್ ನನಗೆ ಕೊಡಲು ಒಪ್ಪಿದ್ದಾರೆ. ಅವರಿಗೆ ಲೈಸನ್ಸೇ ಬೇಡವಂತೆ. ಹಾಗಾದರೆ ನೇರವಾಗಿ ತರಬಹುದೇ?

ಉತ್ತರ: ತರಬಾರದು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಲೈಸನ್ಸ್ ವಿನಾಯಿತಿ, 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿರುವುದು, ಆ ವ್ಯಕ್ತಿಗಳಿಗೆ. ರೈಫಲ್ ಜತೆಗೆ ಅದು ನಿಮ್ಮ ಮನೆಗೆ ಬರುವುದಿಲ್ಲ. ನಿಮಗೆ ಮೊದಲು ನಿಮ್ಮ ಹೆಸರಿನ, ಅದೇ ಬೋರ್ (ಬ್ಯಾರಲ್ ಒಳವ್ಯಾಸದ ಅಳತೆ) ನಮೂದಾಗಿರುವ ಲೈಸನ್ಸ್ ಬೇಕು. ವಾಕಡ್ ಪಿಂಪ್ರಿ-ಚಿಂಚ್‌ವಡ ಪೊಲೀಸ್ ಕಮಿಷನರೇಟಿನಲ್ಲಿದೆ, ಅರ್ಜಿ ಅಲ್ಲಿಗೆ. ಇನ್ನು ಮಾರುವವರು ತಮ್ಮ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ನಿಮ್ಮ ಹೆಸರು ವಿಳಾಸ ಬರೆದು ತಿಳಿಸಿ, 45 ದಿನ ಕಳೆದ ಮೇಲಷ್ಟೇ ಕೊಡಬಹುದು. ಆಯುಧ ಕಾಯಿದೆ 1959ರ 5ನೇ ಕಲಂ ಹೇಳುವುದು ಇದನ್ನೇ, ಖಾಸಗಿ ವ್ಯಕ್ತಿಗಳ ನಡುವಿನ ಎಲ್ಲ ಮಾರಾಟಕ್ಕೂ ಇದು ಅನ್ವಯ. ಅರ್ಜಿಯ ಸ್ವೀಕೃತಿ ಪ್ರತಿಯನ್ನು ಇಬ್ಬರೂ ಇಟ್ಟುಕೊಳ್ಳಿ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಲೈಸನ್ಸ್‌ದಾರರಿಗೆ ಎರಡೇ ಆಯುಧ, ಅದನ್ನೂ ಲೆಕ್ಕ ಹಾಕಿ.

ರೈಫಲ್ ವಿಷಯಕ್ಕೆ ಬಂದರೆ, ಹಳೆಯ ಬ್ರನೋಗಳು ಕಸ್ಟಮ್ ಕೆಲಸಕ್ಕೆ ಬಹಳ ಒಳ್ಳೆಯ ಆಧಾರ. ಸರಳ ಬೋಲ್ಟ್, ಗಟ್ಟಿ ರಿಸೀವರ್ (ಬೋಲ್ಟ್ ಓಡಾಡುವ ಲೋಹದ ಚೌಕಟ್ಟು). ಕೊಡಗಿನ ಮಳೆಯಲ್ಲಿದ್ದದ್ದು ಅಂದಮೇಲೆ ಬ್ಯಾರಲ್‌ನ ಹೊರಮೈಯನ್ನು ಸ್ಟಾಕ್‌ನಿಂದ ಬಿಚ್ಚಿ ನೋಡಿ. ಮರದೊಳಗೆ ಮುಚ್ಚಿಕೊಂಡ ಅರ್ಧಭಾಗದಲ್ಲೇ ತುಕ್ಕು ತಿನ್ನುವುದು.

ಪ್ರಶ್ನೆ: ಡೊಂಬಿವಲಿಯಿಂದ. ಇಷಾಪುರ (ಪಶ್ಚಿಮ ಬಂಗಾಳ) ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ ಕಡಿಮೆ ಬೆಲೆಗೆ ಸಿಗುತ್ತಿದೆ. .308 ಬ್ಯಾರಲ್ ಹಾಕಿಸಿ ದೂರದ ಗುರಿಗೆ ಬಳಸುವ ಆಸೆ. ಇಷಾಪುರದವರೇ ಇದೇ ಆಕ್ಷನ್‌ನಲ್ಲಿ (ಬೋಲ್ಟ್ ಮತ್ತು ರಿಸೀವರ್ ಜೋಡಿಯಲ್ಲಿ) 7.62, ಅಂದರೆ .308ರದೇ ಅಳತೆಯ, ರೈಫಲ್ ಮಾಡಿದ್ದರಲ್ಲ?

ಉತ್ತರ: ಮಾಡಿದ್ದರು, 1960ರ ದಶಕದಲ್ಲಿ, ಸೇನೆಗಾಗಿ. ಅದಕ್ಕೆ ಬಳಸಿದ್ದು ಹೆಚ್ಚು ಗಟ್ಟಿಯಾದ ಬೇರೆ ಉಕ್ಕು. ನಿಮ್ಮ .315 ಕಾಡತೂಸು ಹಳೆಯ 8×50 ರಿಮ್‌ಡ್ ಮಾನ್‌ಲಿಚರ್ ವಂಶದ್ದು, ಅದರ ಒತ್ತಡಕ್ಕೆ ತಕ್ಕ ಆಕ್ಷನ್ ಅದು. ನಿಮ್ಮ ರೈಫಲ್ಲಿನದು ಲೀ-ಎನ್‌ಫೀಲ್ಡ್ ಆಕ್ಷನ್, ಅದರಲ್ಲಿ ಬೀಗದ ಹಲ್ಲುಗಳು ಬೋಲ್ಟಿನ ಹಿಂಭಾಗದಲ್ಲಿವೆ. ಹಾರಿಸಿದಾಗ ಬೋಲ್ಟಿನ ಉದ್ದಕ್ಕೂ ಒತ್ತಡ ಹೋಗಿ ಎಲ್ಲವೂ ಸ್ವಲ್ಪ ಹಿಗ್ಗುತ್ತದೆ. ಹೆಚ್ಚು ಒತ್ತಡದ ಕಾಡತೂಸು ಹಾಕಿದರೆ ಹೆಡ್‌ಸ್ಪೇಸ್ ಬೆಳೆಯುತ್ತಾ ಹೋಗಿ ಒಂದು ದಿನ ಕೋಶ ಹರಿಯುತ್ತದೆ, ಬಿಸಿ ಅನಿಲ ಮುಖಕ್ಕೇ ಬರುತ್ತದೆ.

ಕಾನೂನಂತೂ ಇನ್ನೂ ಸ್ಪಷ್ಟ. .308 ಮತ್ತು .303 ನಮ್ಮಲ್ಲಿ ನಿಷೇಧಿತ ಬೋರ್. ಕ್ಯಾಲಿಬರ್ ಬದಲಿಸುವುದು ತಾನೇ ಲೈಸನ್ಸ್ ಬೇಕಾದ ಕೆಲಸ, ಬ್ಯಾರಲ್ ಮೊಟಕು ಮಾಡುವುದೂ 6ನೇ ಕಲಂ ಪ್ರಕಾರ ಹಾಗೆಯೇ. ಈ ಯೋಚನೆ ಬಿಟ್ಟುಬಿಡಿ.

.315 ಅನ್ನು .315 ಆಗಿಯೇ ಇಟ್ಟುಕೊಂಡು ಚೆನ್ನಾಗಿ ಕಟ್ಟಬಹುದು. ಕೊಳ್ಳುವಾಗ ಬೋಲ್ಟಿನ ಮೇಲಿನ ನಂಬರ್ ರಿಸೀವರ್ ನಂಬರಿಗೆ ಹೊಂದಬೇಕು. ಬೋಲ್ಟ್ ಹೆಡ್ ತಿರುಗಿಸಿ ಕೂಡಿಸುವ ಬೇರೆ ತುಂಡಾದ್ದರಿಂದ ಯಾವುದೋ ರೈಫಲ್ಲಿನದು ಇಲ್ಲಿ ಸೇರಿಕೊಂಡಿರುವ ಸಾಧ್ಯತೆ ಇದೆ, ಹೆಡ್‌ಸ್ಪೇಸ್ ಗನ್‌ಸ್ಮಿತ್ ಹತ್ತಿರ ಗೇಜ್ ಹಾಕಿಸಿ ನೋಡಿಸಿ. ಇನ್ನೊಂದು ಎಚ್ಚರಿಕೆ. ಲೀ-ಎನ್‌ಫೀಲ್ಡ್ ಸ್ಟಾಕ್ ಎರಡು ತುಂಡು. ಹಿಂದಿನ ಬಟ್ಟನ್ನು (ಭುಜಕ್ಕೊರಗುವ ತುಂಡನ್ನು) ಹಿಡಿದಿರುವ ಉದ್ದ ಬೋಲ್ಟಿನ (ಇದು ತಿರುಪು, ರೈಫಲ್ ಮುಚ್ಚುವ ಬೋಲ್ಟ್ ಅಲ್ಲ) ಚೌಕ ತುದಿ ಮುಂದಿನ ಮರದೊಳಗಿನ ಪಟ್ಟಿಗೆ ಕಚ್ಚಿಕೊಂಡಿರುತ್ತದೆ. ಮುಂದಿನ ಮರ ತೆಗೆಯದೆ ಬಟ್ಟಿನ ಬೋಲ್ಟ್ ತಿರುಗಿಸಿದರೆ ಆ ಚೌಕ ಮರವನ್ನು ಒಳಗಿಂದ ಸೀಳುತ್ತದೆ. ಮಾರಾಟಕ್ಕೆ ಬರುವ ಹಳೆಯ ರೈಫಲ್‌ಗಳ ಮುಂಭಾಗದ ಮರದ ಹಿಂತುದಿಯಲ್ಲಿ ಕೂದಲೆಳೆ ಬಿರುಕು ಕಂಡರೆ ಕಾರಣ ಇದೇ ಇರಬಹುದು. ಮೊದಲು ಮುಂದಿನ ಮರ, ಆಮೇಲೆ ಬಟ್ಟು. ಈ ಕ್ರಮ ತಪ್ಪಿಸಬೇಡಿ.

ಕಾಡು ಪ್ರಾಣಿ ಬೇಟೆ 1972ರ ವನ್ಯಜೀವಿ ಕಾಯಿದೆಯಡಿ ನಿಷಿದ್ಧ ಎಂಬುದು ನಿಮಗೆ ಗೊತ್ತಿರುವುದೇ, ಆದರೂ ಕೆಲವರು ಬೇಟೆಗೆ ಎಂದೇ ಕೇಳುವುದರಿಂದ ಬರೆದಿದ್ದೇವೆ.

ಪ್ರಶ್ನೆ: ವಾಸ್ಕೊದಿಂದ. ನನ್ನ .22 ಬೋಲ್ಟ್ ರೈಫಲ್ ಮೇ ತಿಂಗಳಲ್ಲಿ ಚೆನ್ನಾಗಿಯೇ ಹೊಡೆಯುತ್ತದೆ. ಮಳೆ ಹಿಡಿದು ಹದಿನೈದು ದಿನಕ್ಕೆ ಗುರಿ ಎಡಕ್ಕೆ ಸರಿಯುತ್ತದೆ, ಗ್ರೂಪ್ ಕೂಡ ಅಗಲವಾಗುತ್ತದೆ. ವಾಲ್‌ನಟ್ ಮರದ ಹಳೆಯ ಸ್ಟಾಕ್. ಬೆಡ್ಡಿಂಗ್ ಮಾಡಿಸಿದರೆ ಸರಿಯಾಗುವುದೇ?

ಉತ್ತರ: ಬಹುಮಟ್ಟಿಗೆ ಸರಿಯಾಗುತ್ತದೆ, ಆದರೆ ಮೊದಲು ರೋಗ ಇದೇ ಎಂದು ಖಚಿತ ಮಾಡಿಕೊಳ್ಳಿ. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗುತ್ತದೆ. ಗೋವೆಯ ಜೂನ್ ಗಾಳಿಯಲ್ಲಿ ರಿಸೀವರಿಗೂ ಟ್ರಿಗರ್ ಗಾರ್ಡಿಗೂ ನಡುವಿನ ಮರ ದಪ್ಪವಾಗಿ ಸ್ಕ್ರೂಗಳ ಬಿಗಿ ತಾನಾಗಿ ಬದಲಾಗುತ್ತದೆ. ಮುಂಭಾಗದ ಮರ ಬಾಗಿ ಬ್ಯಾರಲ್‌ನ ಒಂದು ಪಕ್ಕಕ್ಕೆ ಒರಗುತ್ತದೆ. ನಿಮ್ಮದು ಎಡಕ್ಕೆ ಸರಿಯುತ್ತಿರುವುದರಿಂದ ಬಲಪಕ್ಕದಲ್ಲಿ ಮರ ತಾಗುತ್ತಿರಬೇಕು.

ಹತ್ತು ರೂಪಾಯಿ ನೋಟೊಂದನ್ನು ಬ್ಯಾರಲ್ ಕೆಳಗೆ ತೂರಿಸಿ ರಿಸೀವರ್‌ವರೆಗೂ ಎಳೆಯಿರಿ. ಎಲ್ಲಿ ಸಿಕ್ಕುತ್ತದೋ ಅಲ್ಲಿ ಸೀಸದ ಕಡ್ಡಿಯಿಂದ ಗುರುತು ಹಾಕಿ. ಇದನ್ನು ಮೇನಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಮಾಡಿ. ಎರಡನೆಯ ಪರೀಕ್ಷೆ: ಬ್ಯಾರಲ್ ಮತ್ತು ಮರ ಕೂಡುವಲ್ಲಿ ಬೆರಳ ತುದಿ ಇಟ್ಟು ಮುಂದಿನ ಆಕ್ಷನ್ ಸ್ಕ್ರೂ ಸಡಿಲಿಸಿ. ಬ್ಯಾರಲ್ ಮೇಲೇಳುವುದು ಬೆರಳಿಗೆ ತಿಳಿದರೆ ಆಕ್ಷನ್ ಮರದ ಮೇಲೆ ಬಾಗಿ ಕೂತಿದೆ. ಡಯಲ್ ಗೇಜ್ ಇದ್ದರೆ 0.05 ಮಿ.ಮೀ.ಗಿಂತ ಹೆಚ್ಚು ಅಲುಗಾಟ ಇರಬಾರದು.

ಬೆಡ್ಡಿಂಗ್‌ನಲ್ಲಿ ಎರಡು ಭಾಗ. ಮೊದಲು ಪಿಲ್ಲರ್: ಎರಡೂ ಸ್ಕ್ರೂ ಹಾದುಹೋಗುವಲ್ಲಿ 12ರಿಂದ 14 ಮಿ.ಮೀ. ಹೊರವ್ಯಾಸದ ಅಲ್ಯೂಮಿನಿಯಂ ಕೊಳವೆ. ಸ್ಕ್ರೂ 6 ಮಿ.ಮೀ. ಇದ್ದರೆ ಒಳರಂಧ್ರ 8 ಮಿ.ಮೀ. ಇರಲಿ. ಸ್ಕ್ರೂ ಕೊಳವೆಯ ಗೋಡೆಗೆ ತಾಗಲೇಬಾರದು, ತಾಗಿದರೆ ಹಿಮ್ಮೆಟ್ಟುವ ಏಟು ಸ್ಕ್ರೂ ಮೇಲೆ ಬೀಳುತ್ತದೆ. ಇನ್ನು ಮುಂದೆ ಮರ ಎಷ್ಟೇ ಹಿಗ್ಗಲಿ, ಸ್ಕ್ರೂ ಬಿಗಿಯುವುದು ಲೋಹಕ್ಕೆ ಲೋಹ.

ಆಮೇಲೆ ಎಪಾಕ್ಸಿ. ಉಕ್ಕಿನ ಪುಡಿ ಬೆರೆತ ನಿಧಾನ ಗಟ್ಟಿಯಾಗುವ ಎಪಾಕ್ಸಿ ತನ್ನಿ, ಐದು ನಿಮಿಷದ್ದು ಬೇಡ. ಅದು ಮೆತ್ತಗುಳಿಯುತ್ತದೆ ಮತ್ತು ನೀವು ಆಕ್ಷನ್ ಕೂರಿಸುವ ಮೊದಲೇ ಗಟ್ಟಿಯಾಗತೊಡಗುತ್ತದೆ. .22ಗೆ ಬೆರೆಸಿದ ಎಪಾಕ್ಸಿ 60-80 ಗ್ರಾಂ ಸಾಕು. ರಿಸೀವರ್ ಕೂರುವ ಜಾಗದಲ್ಲಿ ಮರವನ್ನು 2-3 ಮಿ.ಮೀ. ಕೆತ್ತಿ ತೆಗೆಯಿರಿ, ತೆಳುವಾದ ಪದರ ಬಿರುಕು ಬಿಡುತ್ತದೆ. ಆಕ್ಷನ್‌ನ ಎಲ್ಲ ತೂತು, ಸಂದು, ಟ್ರಿಗರ್ ಜಾಗಗಳಿಗೆ ಮಕ್ಕಳಾಡುವ ಮೇಣದ ಜೇಡಿ ತುಂಬಿ ಸಮ ಮಾಡಿ. ಎಪಾಕ್ಸಿ ಅಂಟದಂತೆ ಆಕ್ಷನ್‌ಗೆ ಬಣ್ಣವಿಲ್ಲದ ಬೂಟ್ ಪಾಲಿಶ್ ಮೂರು ಸಲ ಹಚ್ಚಿ, ಪ್ರತಿ ಸಲ ಒಣಗಲು ಬಿಟ್ಟು, ಸ್ಕ್ರೂಗಳಿಗೂ ಹಚ್ಚಿ. ಈ ಹಂತದಲ್ಲಿ ಒಂದು ತೂತು ಮರೆತರೆ ಎಪಾಕ್ಸಿ ಅದರೊಳಗೆ ಹೋಗಿ ಗಟ್ಟಿಯಾಗಿ ರೈಫಲ್ ಮತ್ತು ಸ್ಟಾಕ್ ಒಂದೇ ತುಂಡಾಗುತ್ತದೆ. ಮರ ಒಡೆಯದೆ ಬಿಡಿಸುವ ದಾರಿಯೇ ಇರುವುದಿಲ್ಲ. ಈ ಕೆಲಸ ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ. ಬ್ಯಾರಲ್ ಸುತ್ತ ಮುಂಭಾಗದಲ್ಲಿ ಇನ್ಸುಲೇಶನ್ ಟೇಪ್ ನಾಲ್ಕೈದು ಸುತ್ತು ಹಾಕಿ, ಅದು ಬ್ಯಾರಲ್ ಅನ್ನು ಮರದಲ್ಲಿ ಕೊರೆದ ನಾಲೆಯ ನಡುವೆ ಹಿಡಿದಿಡುತ್ತದೆ. ಆಕ್ಷನ್ ಇಟ್ಟಮೇಲೆ ಸ್ಕ್ರೂ ಬಿಗಿಯಬೇಡಿ, ತಾಗುವಷ್ಟೇ ತಿರುಗಿಸಿ. ಬಿಗಿದರೆ ಆಕ್ಷನ್ ಬಾಗಿದ ರೂಪದಲ್ಲೇ ಅಚ್ಚು ಬೀಳುತ್ತದೆ, ಆಗ ಮಾಡಿದ ಕೆಲಸವೆಲ್ಲ ದಂಡ. ಡಬ್ಬಿಯ ಮೇಲೆ ಬರೆದ ಕೆಲಸದ ಅವಧಿ 25 ಡಿಗ್ರಿಗೆ ಕೊಟ್ಟಿದ್ದರೆ ವಾಸ್ಕೊದ 32 ಡಿಗ್ರಿಯಲ್ಲಿ ಅದು ಕಡಿಮೆಯಾಗುತ್ತದೆ, ಬೆಳಗ್ಗೆ ಬೇಗ ಮಾಡಿ. 24 ಗಂಟೆ ಬಿಟ್ಟು ತೆಗೆಯಿರಿ.

ಆಮೇಲೆ ಮರದ ಒಳಭಾಗ, ಅದರಲ್ಲೂ ಬ್ಯಾರಲ್ ನಾಲೆ ಮತ್ತು ಬಟ್‌ಪ್ಲೇಟ್ ಕೆಳಗಿನ ಮರದ ತುದಿ, ತೆಳು ಮಾಡಿದ ಪಾಲಿಯುರೆಥೇನ್ ಮೂರು ಕೋಟ್ ಕುಡಿಯಲಿ. ಹೊರಗೆ ವಾರ್ನಿಶ್ ಮಿರುಗುತ್ತಿದ್ದರೂ ಒಳಗೆ ಹಸಿ ಮರ ಬಿಟ್ಟಿದ್ದರೆ ನೀರು ಅಲ್ಲಿಂದಲೇ ಹೋಗುತ್ತದೆ. ಮರದ ಕೆಲಸ ಏಪ್ರಿಲ್-ಮೇನಲ್ಲಿ, ಸ್ಟಾಕ್ ಒಣಗಿದ್ದಾಗ ಮುಗಿಸಿ. ತೇವದ ಮರವನ್ನು ಮುಚ್ಚಿದರೆ ತೇವ ಒಳಗೇ ಉಳಿಯುತ್ತದೆ.

ಕೂರಿಸಿದ ಮೇಲೆ ಟಾರ್ಕ್ ವ್ರೆಂಚ್ ಬಳಸಿ. ತಯಾರಕರ ಕೈಪಿಡಿಯ ಸಂಖ್ಯೆ ಇದ್ದರೆ ಅದೇ. ಮ್ಯಾಚ್ ರೈಫಲ್‌ಗಳಲ್ಲಿ 5 ನ್ಯೂಟನ್ ಮೀಟರ್ ಆಸುಪಾಸಿನಿಂದ ಆರಂಭಿಸಿ, ಅರ್ಧರ್ಧ ಬದಲಿಸಿ ಗ್ರೂಪ್ ನೋಡುವುದು ರೂಢಿ.

ಬಡಗಿಗೆ ಕೊಡುವುದಾದರೆ ಬರೀ ಮರ ಕೊಡಿ. ಆಕ್ಷನ್ ಮತ್ತು ಬ್ಯಾರಲ್ ಕಾನೂನಿನ ಕಣ್ಣಲ್ಲಿ ಆಯುಧವೇ. ಅದು ನಿಮ್ಮ ಕಪಾಟಿನ ಬೀಗದಲ್ಲಿರಬೇಕು, ಬಡಗಿಯ ಅಂಗಡಿಯಲ್ಲಲ್ಲ. ಅಚ್ಚು ಹಾಕುವ ದಿನ ಆಕ್ಷನ್ ಇರುವಲ್ಲಿ ನೀವೂ ಇರಿ.

ಪ್ರಶ್ನೆ: ಕೊತ್ರೂಡ್‌ನಿಂದ. ಹಳೆಯ ಮ್ಯಾಚ್ ರೈಫಲ್ ತೆಗೆದುಕೊಂಡೆ. ಟ್ರಿಗರ್ ಗರಿಯಂತೆ ಹಗುರ. ಬೋಲ್ಟ್ ಜೋರಾಗಿ ಮುಚ್ಚಿದರೆ ಕೆಲವೊಮ್ಮೆ ಪಿನ್ ತಾನೇ ಬಿಡುತ್ತದೆ.

ಉತ್ತರ: ಆ ರೈಫಲ್ ಈಗ ಅಪಾಯಕಾರಿ. ಸರಿಯಾಗುವವರೆಗೆ ಗುಂಡು ಹಾಕಬೇಡಿ. 50 ಮೀಟರ್ ರೈಫಲ್‌ಗೆ ಟ್ರಿಗರ್ ತೂಕದ ಕನಿಷ್ಠ ಮಿತಿ ಇಲ್ಲವೆಂದು ಹಿಂದಿನ ಮಾಲೀಕರು ಸಿಯರ್ (ಟ್ರಿಗರ್ ಎಳೆಯುವವರೆಗೆ ಪಿನ್ ಹಿಡಿದಿಡುವ ಕೊಕ್ಕೆ) ಕಚ್ಚುವ ಅಂಚನ್ನು ತೀರ ಕಡಿಮೆ ಮಾಡಿಟ್ಟಿದ್ದಾರೆ, ಅಥವಾ ಆ ಅಂಚು ಸವೆದಿದೆ. ಟ್ರಿಗರ್ ಘಟಕವನ್ನು ಗನ್‌ಸ್ಮಿತ್ ಹತ್ತಿರ ಬಿಚ್ಚಿಸಿ. ಒಳಗೆ ಗಟ್ಟಿಯಾದ ಹಳೆಯ ಎಣ್ಣೆ ಇದ್ದರೂ ಸಿಯರ್ ಪೂರ್ತಿ ಹಿಂದಕ್ಕೆ ಬರದೆ ಇದೇ ತೊಂದರೆ ಬರುತ್ತದೆ, ಲೈಟರ್ ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಸರಿಪಡಿಸಿದ ಮೇಲೆ ಖಾಲಿ ರೈಫಲ್‌ನ ಬೋಲ್ಟ್ ಅನ್ನು 20 ಸಲ ಜೋರಾಗಿ ಮುಚ್ಚಿ, ಬಟ್ಟನ್ನು ರಬ್ಬರ್ ಚಾಪೆಗೆ ಕುಟ್ಟಿ, ರಿಸೀವರ್ ಪಕ್ಕಕ್ಕೆ ರಬ್ಬರ್ ಸುತ್ತಿಗೆಯಿಂದ ತಟ್ಟಿ ನೋಡಿ. ಒಂದೇ ಒಂದು ಸಲ ಬಿಟ್ಟರೂ ಮತ್ತೆ ಬಿಚ್ಚಬೇಕು.

ಪ್ರಶ್ನೆ: ಮಾಟುಂಗಾದಿಂದ. ಸ್ಕೋಪ್ ರಿಂಗ್ ಬಿಗಿದರೂ ನಾಲ್ಕು ಗುಂಡಿಗೆ ಸಡಿಲವಾಗುತ್ತದೆ.

ಉತ್ತರ: ರಿಸೀವರಿನ ಡವ್‌ಟೇಲ್ (ರಿಂಗ್ ಹಿಡಿದುಕೊಳ್ಳುವ ಓರೆ ಅಂಚಿನ ಪಟ್ಟಿ) ಅಗಲ ಅಳೆಯಿರಿ. 9.5 ಮಿ.ಮೀ. ಮತ್ತು 11 ಮಿ.ಮೀ. ಎರಡಿವೆ. ಒಂದರ ರಿಂಗ್ ಇನ್ನೊಂದಕ್ಕೆ ಕೂತಂತೆ ಕಾಣುತ್ತದೆ, ಆದರೆ ಅಂಚು ಮಾತ್ರ ಹಿಡಿಯುತ್ತದೆ. ಅಳತೆ ಸರಿಯಿದ್ದರೆ ಎರಡೂ ಮೈಯ ಎಣ್ಣೆ ಒರೆಸಿ ಮತ್ತೆ ಬಿಗಿಯಿರಿ.

ಪ್ರಶ್ನೆ: ಮುಲುಂಡ್‌ನಿಂದ. ಹಳೆಯ ರೈಫಲ್ ಕೊಂಡಿದ್ದೇನೆ, ಸ್ಟಾಕ್ ಮುಗಿಯಿತು. ಮಾಸಿದ ಬ್ಲೂಯಿಂಗ್ ಹೊಸದಾಗಿ ಮಾಡಿಸಬೇಕು. ಪಾಲಿಶ್‌ಗೆ ಎಷ್ಟು ಉಜ್ಜಿಸಬೇಕು?

ಉತ್ತರ: ನಂಬರ್ ಇರುವ ಜಾಗವನ್ನು ಯಂತ್ರದಲ್ಲಿ ಉಜ್ಜಿಸಲೇಬೇಡಿ. ಬಫ್ ಚಕ್ರಕ್ಕೆ ಹಿಡಿದರೆ ಆಳ ಕಡಿಮೆಯಿರುವ ಹಳೆಯ ಅಕ್ಷರಗಳ ಅಂಚು ದುಂಡಾಗಿ, ಎರಡನೆಯ ಸಲಕ್ಕೆ 3 ಮತ್ತು 8 ಒಂದೇ ಥರ ಕಾಣತೊಡಗುತ್ತವೆ. ಆಯುಧದ ಗುರುತು ಅಳಿಸುವುದು ಕಾಯಿದೆಯ 8ನೇ ಕಲಂ ಪ್ರಕಾರ ಅಪರಾಧ, ಲೈಸನ್ಸ್ ನವೀಕರಣಕ್ಕೆ ಹೋದಾಗ ನಂಬರ್ ಓದಲಾಗದಿದ್ದರೆ ಪಾಲಿಶ್ ಮಾಡಿಸಿದ್ದು ಎಂದು ವಿವರಿಸುತ್ತ ನಿಲ್ಲಬೇಕಾಗುತ್ತದೆ. ಕೆಲಸಕ್ಕೆ ಕೊಡುವ ಮೊದಲು ರಿಸೀವರ್, ಬ್ಯಾರಲ್, ಬೋಲ್ಟಿನ ಎಲ್ಲ ನಂಬರ್‌ಗಳ ಸ್ಪಷ್ಟ ಫೋಟೊ ತೆಗೆದಿಡಿ. ಆ ಜಾಗಗಳಿಗೆ ಕೈಯಿಂದ 400 ನಂಬರಿನ ಮರಳುಕಾಗದ ಮಾತ್ರ, ಮರದ ತುಂಡಿಗೆ ಸುತ್ತಿ, ಅಕ್ಷರಗಳ ಉದ್ದಕ್ಕೆ. ಉಳಿದ ಕಡೆ 240ರಿಂದ ಶುರುಮಾಡಿ 400ಕ್ಕೆ ನಿಲ್ಲಿಸಿ. ಅದಕ್ಕಿಂತ ನುಣುಪು ಮಾಡಿದರೆ ಹೊಳಪು ಬರುತ್ತದೆ, ರೇಂಜ್ ಬಿಸಿಲಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಬ್ಲೂಯಿಂಗ್ ಮುಗಿದ ದಿನವೇ ಬಿಸಿನೀರಲ್ಲಿ ಉಪ್ಪಿನಂಶ ಪೂರ್ತಿ ತೊಳೆಸಿ, ಒರೆಸಿ, ಎಣ್ಣೆಯಲ್ಲಿ ಒಂದು ರಾತ್ರಿ ಬಿಡಿ. ಸಂದುಗಳಲ್ಲಿ ಉಳಿದ ಉಪ್ಪು ವಾರದೊಳಗೆ ಬಿಳಿ ಹೂವಿನಂತೆ ಎದ್ದು ಅದರ ಕೆಳಗೆ ತುಕ್ಕು ಹಿಡಿಸುತ್ತದೆ, ಮುಂಬಯಿ ಗಾಳಿಯಲ್ಲಿ ಇನ್ನೂ ಬೇಗ. ಮನೆಗೆ ತಂದಮೇಲೆ ಸ್ಪಂಜಿನ ಪೆಟ್ಟಿಗೆಯಲ್ಲಿ ಇಡಬೇಡಿ, ಸ್ಪಂಜು ತೇವ ಹೀರಿ ಲೋಹಕ್ಕೆ ಒತ್ತಿಹಿಡಿಯುತ್ತದೆ. ಬೀಗದ ಕಪಾಟಿನಲ್ಲಿ ನಿಲ್ಲಿಸಿ, ಜತೆಗೆ ಅರ್ಧ ಕಿಲೊ ಸಿಲಿಕಾ ಜೆಲ್. ಬಣ್ಣ ಬದಲಾಯಿಸುವ ಜೆಲ್ ಆದರೆ ತೇವ ತುಂಬಿದ್ದು ಕಣ್ಣಿಗೇ ಕಾಣುತ್ತದೆ. ಆಗ ಅವನ್ ಒಳಗೆ 120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ಮತ್ತೆ ಇಡಿ. ಮಳೆಗಾಲದಲ್ಲಿ ಪ್ರತಿ ಹತ್ತು ದಿನಕ್ಕೊಮ್ಮೆ ಬೋಲ್ಟ್ ತೆಗೆದು, ಬೆರಳು ತಾಗಿದ ಜಾಗಗಳನ್ನೆಲ್ಲ ಎಣ್ಣೆ ಬಟ್ಟೆಯಿಂದ ಒರೆಸಿ. ಹೊಸ ಬ್ಲೂಯಿಂಗ್ ಮೇಲೆ ಮೊದಲ ಕೆಂಪು ಚುಕ್ಕೆ ಏಳುವುದು ಹೆಬ್ಬೆರಳ ಗುರುತಿನ ಆಕಾರದಲ್ಲೇ.